ಮೈಸೂರ್ಗಂಟ ಓದ್ರು

ನಾನು ಇಪ್ಪತ್ತಾರು ವರ್ಷ ಒಂದೇ ಒಂದು ಅಕ್ಷರಕ್ಕಾಗಿ ಸಂಬಳ ತೆಗೆದುಕೊಂಡೆ ಎಂದರೆ ಸರ್ಕಾರ ಬೇಸರ ಮಾಡಿಕೊಳ್ಳಬಾರದು. ಆ ಅಕ್ಷರ ಹಕಾರ. ಕೊಳ್ಳೇಗಾಲದ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ ಎಂಬುದು ನನ್ನ ಹುದ್ದೆಯ ಹೆಸರು. ಮಾಡಿದ ಕೆಲಸ ಮಾತ್ರ ಈ ಸೀಮೆಯ ಮಕ್ಕಳ ಬಾಯಿಂದ ಉದುರಿಹೋದ ಹಕಾರಗಳನ್ನು ಹೆಕ್ಕಿ ಹೆಕ್ಕಿ ಮತ್ತೆ ಅವರ ಬಾಯಿಗೇ ಹಾಕುವುದು. ನಮ್ಮ ಕಡೆ ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹುಲಿ ಇದ್ದ ಮರ್ಯಾದೆಯನ್ನೂ ಕಳೆದುಕೊಂಡು ಉಲಿಯಾಗುತ್ತದೆ. ಹನೂರಿನ ಬಸ್ಸಿನ ಕಂಡಕ್ಟರು 'ಅನೂರ್, ಅನೂರ್' ಎಂದು ಕೂಗದಿದ್ದರೆ ಜನ ಅದು ಬೇರೆ ಊರಿನ ಬಸ್ಸೆಂದು ಹತ್ತುವುದೇ ಇಲ್ಲ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿರಲಿಲ್ಲ.

ಆಗ ಅನ್ನಿಸದೇ ಇದ್ದದ್ದಕ್ಕೆ ಕಾರಣವೂ ಇದೆ. ನಾನು ಹುಟ್ಟಿದ್ದು ಶಾಗ್ಯದಲ್ಲಿ. ಈ ಕೆಲಸದ ಸಂದರ್ಶನಕ್ಕೆ ಹೋದಾಗ ಯಾವ ಊರಪ್ಪ ಎಂದು ಕೇಳಿದರು. 'ಅನೂರಿನ ಪಕ್ಕ ಸಾ' ಎಂದೆ. ಎದುರಿಗೆ ಕುಳಿತಿದ್ದ ಮೂವರಲ್ಲಿ ಒಬ್ಬರು ಪಕ್ಕದವರ ಕಡೆ ತಿರುಗಿ, ಅನೂರು ಯಾವ ಜಿಲ್ಲೆ ಎಂದು ಕೇಳಿದರು. ಇನ್ನೊಬ್ಬರು ನಕ್ಕರು. ಕನ್ನಡ ಪಾಠ ಮಾಡಲು ಬಂದವನು ಪಕ್ಕದೂರಿನ ಹೆಸರನ್ನೇ ತಪ್ಪು ಹೇಳಿದ್ದೆ. ಕೆಲಸ ಹೇಗೋ ಸಿಕ್ಕಿತು, ಆ ನಗು ಮಾತ್ರ ಕಿವಿಯಲ್ಲೇ ಉಳಿಯಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಹಹಹ ಎಂದು ಆರು ತಿಂಗಳು ಅಭ್ಯಾಸ ಮಾಡಿದೆ. ನನಗೆ ತಲೆ ಕೆಟ್ಟಿದೆ ಎಂದು ಅಮ್ಮ ನಂಬಿದ್ದರು. ಯಳಂದೂರಿನಿಂದ ಮದುವೆಯಾಗಿ ಬಂದ ಹೆಂಡತಿಯನ್ನೂ ತಿದ್ದಲು ಹೋದೆ. ಅವಳು 'ಅಸಿವಾಯ್ತದಾ, ಅನ್ನ ಬಡಿಸ್ಲಾ' ಎಂದಳು. ನಾನು 'ಹಸಿವು' ಎಂದೆ. 'ಅಂಗಾದ್ರೆ ಆ ಅಕ್ಸರಾನೇ ಉಣ್ಣಿ' ಎಂದು ತಟ್ಟೆಯನ್ನು ಎತ್ತಿಟ್ಟಳು. ಅಂದಿನಿಂದ ಮನೆಯಲ್ಲಿ ಅವಳ ಕನ್ನಡ, ಕಾಲೇಜಿನಲ್ಲಿ ನನ್ನ ಕನ್ನಡ ಎಂಬ ಒಪ್ಪಂದದಲ್ಲಿ ಸಂಸಾರ ಸಾಗಿದೆ.

ಹಕಾರದ ಜೊತೆಗೆ ಇನ್ನೊಂದು ಕೆಲಸವೂ ನನ್ನ ಕೊರಳಿಗೆ ಬಿತ್ತು. ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮಲ್ಲಿ ಸ್ಕಾಲರ್‌ಶಿಪ್ಪಿನ ಕಾಲ. ಕಂಪನಿಗಳು ಬಡಮಕ್ಕಳ ಓದಿಗೆ ನೆರವು ಕೊಡುತ್ತವೆ, ಕೆಲವು ಇಲ್ಲಿಯ ಓದಿಗೆ, ಕೆಲವು ಹೊರದೇಶದ ಓದಿಗೆ. ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಮೇಷ್ಟ್ರು ಮೈಸೂರಿನಿಂದ ಓಡಾಡುವವರು, ಬೆಲ್ಲು ಹೊಡೆಯುವ ಮೊದಲೇ ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ. ಹಾಗಾಗಿ ಕನ್ನಡದ ನಾನು ಇಂಗ್ಲಿಷಿನ ಅರ್ಜಿ ತುಂಬುವವನಾದೆ. ಈ ಅರ್ಜಿಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ: ನೀವು ಎದುರಿಸಿದ ಕಷ್ಟವೊಂದನ್ನು ವಿವರಿಸಿ. ನಮ್ಮ ಮಕ್ಕಳಿಗೆ ಕಷ್ಟಪಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಮಧುವನಹಳ್ಳಿಯ ಹುಡುಗನೊಬ್ಬ 'ನನಗೆ ಯಾವ ಕಷ್ಟವೂ ಇಲ್ಲ, ಆದರೆ ಕನ್ನಡಕ ಒಡೆದು ಒಂದು ವರ್ಷವಾಯಿತು' ಎಂದು ಬರೆದಿದ್ದ. ಕಂಪನಿಯವರಿಗೆ ಕಷ್ಟ ಬೇಕು, ಅದು ಒಂದು ಪುಟ ತುಂಬುವಷ್ಟಿರಬೇಕು, ಜೊತೆಗೆ ಅಂಟಿಸುವ ಫೋಟೋದಲ್ಲಿ ಮಗು ನಗುತ್ತಿರಬೇಕು. ಇವೆಲ್ಲವನ್ನೂ ಒಟ್ಟು ಸೇರಿಸುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಎಷ್ಟು ಪಳಗಿತ್ತೆಂದರೆ, ಮಕ್ಕಳ ಕಷ್ಟ ಓದಿದರೆ ಮೊದಲು ವಾಕ್ಯ ಸರಿಯಿದೆಯೇ ಎಂದು ನೋಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೇಮಾ ಬಂದದ್ದು ಇಂಥ ಒಂದು ಜೂನ್ ತಿಂಗಳಲ್ಲಿ. ಹೇಮಾ ಎಂದು ಹೆಸರಿಟ್ಟವರು ಅವಳ ಅಪ್ಪ. ಹೆಸರಿಟ್ಟ ದಿನದಿಂದ ಅವರೂ ಸೇರಿ ಇಡೀ ಬೀದಿ ಅವಳನ್ನು ಏಮಾ ಎಂದೇ ಕರೆಯಿತು. ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಎದೆನೋವೆಂದು ಇಲ್ಲಿಂದ ಮೈಸೂರಿನ ಆಸ್ಪತ್ರೆಗೆ ಸಾಗಿಸಿದ್ದರು, ಅಲ್ಲಿಂದ ಮುಂದೆ ಬೆಂಗಳೂರಿಗೆ ಕರೆದೊಯ್ಯಿರಿ ಎಂದಾಗ ಕೈಯಲ್ಲಿ ಏನೂ ಇರಲಿಲ್ಲ. ಈಗ ಅವರ ಮಗ್ಗದ ಮೇಲೆ ಹಳೇ ಕಂಬಳಿ ಹೊದಿಸಿದೆ. ತಾಯಿ ರತ್ನಮ್ಮ ಬೇರೆ ನೇಕಾರರಿಗೆ ರಾಟೆಯಲ್ಲಿ ನೂಲು ಸುತ್ತಿಕೊಡುತ್ತಾರೆ. ಹುಡುಗಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು, ಬೆಂಗಳೂರಿನಲ್ಲಿ ಜವಳಿ ಎಂಜಿನಿಯರಿಂಗಿಗೆ ಸೀಟೂ ಸಿಗುವಂತಿತ್ತು. ಮೋಟಾರಿನ ಬಿಡಿಭಾಗ ಮಾಡುವ ಒಂದು ಕಂಪನಿ ಇಂಥ ಓದಿಗೆ ನಾಲ್ಕು ವರ್ಷವೂ ಖರ್ಚು ಕೊಡುತ್ತಿತ್ತು, ಚೆನ್ನಾಗಿ ಓದಿದವರನ್ನು ಒಂದು ವರ್ಷ ಹೊರದೇಶಕ್ಕೂ ಕಳಿಸುತ್ತಿತ್ತು. ಷರತ್ತು ಒಂದೇ: ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲ ತಲೆ ಈ ವಿದ್ಯಾರ್ಥಿಯದೇ ಆಗಿರಬೇಕು. ತಂದೆ ತಾಯಿ ಓದಿದವರಾಗಿರಬಾರದು. ಇಷ್ಟು ಸುಲಭವಾದ ಷರತ್ತು ನಮ್ಮ ಊರಿಗೆ ಎಲ್ಲಿ ಸಿಗಬೇಕು? ಹೊರದೇಶದ ಮಾತು ಕೇಳಿ ರತ್ನಮ್ಮ ಒಂದೇ ಪ್ರಶ್ನೆ ಕೇಳಿದ್ದರು, 'ಆ ಊರಲ್ಲೂ ಮಗ್ಗ ಅದಾ ಸಾ?' ಇರಬಹುದು ಎಂದೆ. 'ಅಂಗಾದ್ರೆ ಓಗ್ಲಿ ಬುಡಿ' ಎಂದು ಒಪ್ಪಿಗೆ ಕೊಟ್ಟರು.

ಅರ್ಜಿ ಪಾಸಾಯಿತು. ಕೊನೆಯ ಹಂತ ಫೋನಿನ ಸಂದರ್ಶನ, ಕನ್ನಡದಲ್ಲೇ ಮಾತಾಡಬಹುದು ಎಂದರು. ಕನ್ನಡ ಎಂದ ಕೂಡಲೇ ನನ್ನ ತಲೆಗೆ ಹಕಾರ ಏರಿತು. ಹುಡುಗಿಯನ್ನು ನಾಲ್ಕು ದಿನ ಮನೆಗೆ ಕರೆಸಿ ತಾಲೀಮು ಮಾಡಿಸಿದೆ. ಸೀರೆಯ ಉದ್ದದ ನೂಲು ಹಾಸು, ಅಡ್ಡ ನೂಲು ಹೊಕ್ಕು. ಹುಟ್ಟಿದಾಗಿನಿಂದ ಅವೆರಡರ ನಡುವೆಯೇ ಬೆಳೆದವಳು 'ಆಸು ಒಕ್ಕು' ಎನ್ನುತ್ತಿದ್ದಳು. ಜವಳಿ ಓದಲು ಹೊರಟವಳು ಹೀಗೆಂದರೆ ಹೇಗೆ ಎಂದು ನಾನು ಹಾಸು ಹಾಸು ಎಂದು ಹೇಳಿಸಿದೆ. ಮೂರನೆಯ ದಿನಕ್ಕೆ ಅವಳ ನಾಲಿಗೆ ಕಂಗಾಲಾಗಿ, ಬೇಡದ ಕಡೆಗೆಲ್ಲ ಹಕಾರ ಹತ್ತಿಕೊಂಡಿತು. ಹಕ್ಕ ಬಂದಳು ಎಂದಳು. ಹಾಸ್ಪತ್ರೆ ಎಂದಳು. ಹೂರಿನ ಹೆಸರು ಕೊಳ್ಳೇಗಾಲ ಎಂದಳು. ಅಡುಗೆಮನೆಯಿಂದ ಹೆಂಡತಿ, 'ಮಗೀನ ಬುಟ್ಬುಡಿ, ಅದ್ರ ಬಾಯಲ್ಲಿ ಅದು ಮಾತಾಡ್ಲಿ' ಎಂದಳು. ನಾನೂ ಸೋತು, ನಿನಗೆ ಹೇಗೆ ಬರುತ್ತದೋ ಹಾಗೇ ಮಾತಾಡಮ್ಮ ಎಂದುಬಿಟ್ಟೆ. ಜೀವನದಲ್ಲಿ ಹಾಗೆ ಹೇಳಿದ್ದು ಅದೊಂದೇ ಸಲ.

ಫೋನು ಬಂದದ್ದು ಶನಿವಾರ ಮಧ್ಯಾಹ್ನ. ಹೇಮಳ ಬೀದಿಯಲ್ಲಿ ಅಕ್ಕಪಕ್ಕದ ಮಗ್ಗಗಳ ಸದ್ದು ಇರುತ್ತದೆಂದು ನಮ್ಮ ಮನೆಯ ಹಾಲಿನಲ್ಲೇ ಏರ್ಪಾಡು ಮಾಡಿದ್ದೆ. ಸಿಗ್ನಲ್ ಕಿಟಕಿಯ ಬಳಿ ಮಾತ್ರ ಸಿಗುತ್ತಿತ್ತು, ಆದ್ದರಿಂದ ಕಿಟಕಿಯ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಫೋನು, ಅದರ ಎರಡು ಬದಿಗೆ ನಾವಿಬ್ಬರು. ಹೆಂಡತಿ ಮಿಕ್ಸಿ ನಿಲ್ಲಿಸಿ ಕೊಬ್ಬರಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಆ ಕಡೆ ಬೆಂಗಳೂರಿನ ಹೆಣ್ಣುಮಗಳು, ತುಂಬ ಮೆತ್ತನೆಯ ದನಿ. ಅಧ್ಯಾಪಕರು ಜೊತೆಯಲ್ಲಿರಬಹುದು, ಆದರೆ ಉತ್ತರ ವಿದ್ಯಾರ್ಥಿನಿಯೇ ಹೇಳಬೇಕು ಎಂದರು. ನಾನು ತುಟಿ ಬಿಚ್ಚದೆ ಕೂತೆ, ಅಥವಾ ಹಾಗೆಂದೇ ಬಹಳ ದಿನ ನಂಬಿದ್ದೆ. ಹುಡುಗಿ ಮಗ್ಗದ ವಿಷಯ ಚೆನ್ನಾಗಿ ಹೇಳಿದಳು, ಆ ಹೆಣ್ಣುಮಗಳು ನಕ್ಕು ಮೆಚ್ಚಿದರು. ಆಮೇಲೆ ತಂದೆಯ ಬಗ್ಗೆ ಕೇಳಿದರು. 'ನಮ್ಮಪ್ಪ ಓದ್ರು ಮೇಡಂ' ಎಂದಳು ಹೇಮಾ. ಅಳು ತಡೆಯಲಾಗದೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ಅವರು ಎಲ್ಲಿಯವರೆಗೆ ಎಂಬರ್ಥದಲ್ಲಿ ಏನೋ ಕೇಳಿದರು. 'ಮೈಸೂರ್ಗಂಟ ಓದ್ರು. ಅಲ್ಲಿಂದ ಮುಂದಕ್ಕೆ ಆಗ್ನಿಲ್ಲ ಮೇಡಂ, ದುಡ್ಡು ಒಂಚಕ್ಕೆ ಆಗ್ನಿಲ್ಲ.' ಆ ಕಡೆಯಿಂದ 'ಪಾಪ, ಎಷ್ಟೋ ಜನಕ್ಕೆ ಹಾಗೇ ಆಗುತ್ತೆ' ಎಂಬ ಮಾತು ಬಂತು. ಎಂಥ ಅಂತಃಕರಣ ಎಂದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ಹುಡುಗಿಗೆ ನಮ್ಮಲ್ಲೇ ಊಟ, ಪಾಯಸ ಎಲ್ಲ ಆಯಿತು.

ಮೂರು ವಾರಕ್ಕೆ ಮೇಲ್ ಬಂತು. ವಿಷಾದಿಸುತ್ತೇವೆ ಎಂದು ಶುರುವಾಗಿತ್ತು. ಅಭ್ಯರ್ಥಿಯ ತಂದೆ ಓದಿದವರಾಗಿದ್ದು, ಮೈಸೂರಿನಲ್ಲಿ ವ್ಯಾಸಂಗ ಮಾಡಿ, ಹಣದ ಅಡಚಣೆಯಿಂದ ಅದನ್ನು ಪೂರ್ಣಗೊಳಿಸಲಾಗಲಿಲ್ಲವೆಂದು ತಿಳಿದುಬಂದ ಕಾರಣ, ಈ ಯೋಜನೆಗೆ ಅರ್ಹರಲ್ಲ ಎಂದಿತ್ತು. ಎರಡು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಮೂರನೆಯ ಸಲ ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿಕೊಂಡು ಓದುವಾಗ 'ಓದಿದವರು' ಎಂಬ ಶಬ್ದಕ್ಕೆ ಬಂದು ನಿಂತೆ. ನಮ್ಮ ಸೀಮೆಯ 'ಓದ್ರು' ಎಂದರೆ ಹೋದರು. ತೀರಿಹೋದರು. ಬೆಂಗಳೂರಿನ ಕಿವಿಗೆ ಅದು ಓದಿದರು. ಮಗಳು ಅಪ್ಪ ಸತ್ತದ್ದನ್ನು ಹೇಳಿದ್ದಳು, ಅವರು ಅಪ್ಪ ಕಾಲೇಜಿಗೆ ಹೋದದ್ದನ್ನು ಬರೆದುಕೊಂಡಿದ್ದರು. ಇಪ್ಪತ್ತಾರು ವರ್ಷ ಹಕಾರ ಕಾದ ನನ್ನ ಕಿವಿಗೂ ಅವತ್ತು ಅದು ಬಿದ್ದದ್ದು ಕೇಳಿಸಿರಲಿಲ್ಲ. ಸಾವಿನ ಮಾತನ್ನು ನಾನೂ ಶಾಗ್ಯದ ಕಿವಿಯಲ್ಲೇ ಕೇಳಿಸಿಕೊಂಡಿದ್ದೆ.

ಇಷ್ಟಕ್ಕೆ ನಿಂತಿದ್ದರೆ ನಾನು ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಹೇಮಾ ಮನೆಗೆ ಬಂದಾಗ ನಾನು ಬೈದೆ. ಸೀಟು ಕೈತಪ್ಪುವ ಹೆದರಿಕೆ, ನನ್ನ ಶ್ರಮ ಹಾಳಾದ ಸಂಕಟ, ಎಲ್ಲವೂ ಸೇರಿ ಆ ಮಗುವಿನ ಮೇಲೆ ತಿರುಗಿತು. ಬಾಯಿಗೆ ಬಂದದ್ದು ಏನು ಗೊತ್ತೇ? 'ಒಂದ್ ಅಕಾರ ಏಳಕ್ಕೆ ಆಗ್ನಿಲ್ವೇನಮ್ಮ ನಿನ್ಗೆ?' ಸಿಟ್ಟಿನಲ್ಲಿ ನನ್ನ ಹಕಾರಗಳೂ ಉದುರಿಹೋಗಿದ್ದವು. ಅವಳು ನನ್ನನ್ನು ಒಂದು ಸಲ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ತಲೆ ತಗ್ಗಿಸಿ 'ತಪ್ಪಾಯ್ತು ಸಾ' ಎಂದಳು. ನಾನು ಅದನ್ನು ಒಪ್ಪಿಕೊಂಡೆ.

ಕಂಪನಿಗೆ ತಿದ್ದುಪಡಿ ಕಳಿಸಬೇಕಿತ್ತು. ಗಂಡ ಓದುಬರಹ ಬಲ್ಲವರಾಗಿರಲಿಲ್ಲ ಎಂದು ರತ್ನಮ್ಮ ಬರೆದುಕೊಡಬೇಕು, ಜೊತೆಗೆ ಮರಣಪತ್ರ. ಅವರ ಮನೆಗೆ ಹೋಗಿ ಮೇಲ್ ಅನ್ನು ಕನ್ನಡದಲ್ಲಿ ಓದಿ ಹೇಳಿದೆ. ರತ್ನಮ್ಮ ರಾಟೆ ನಿಲ್ಲಿಸಿದರು. 'ನಮ್ಮನೆಯೋರಾ ಸಾ? ಅವ್ರು ಬಸ್ಸಿನ ಬೋರ್ಡು ನೋಡಕ್ಕೂ ಇನ್ನೊಬ್ರ ಮಕ ನೋಡೋರು' ಎಂದು ನಕ್ಕರು. ನಗು ನಿಂತ ಮೇಲೆ, 'ಇನ್ನೊಂದ್ಸಲ ಓದಿ ಸಾ' ಎಂದರು. ಓದಿದೆ. ಮೈಸೂರಿನಲ್ಲಿ ವ್ಯಾಸಂಗ ಮಾಡಿ, ಹಣದ ಅಡಚಣೆಯಿಂದ ಪೂರ್ಣಗೊಳಿಸಲಾಗಲಿಲ್ಲ. 'ಕೊನೇ ಮಾತು ಸರಿಯಾಗೇ ಬರ್ದವ್ರೆ' ಎಂದರು. ನಾನು ಬರೆದು ತಂದಿದ್ದ ಕಾಗದವನ್ನು ತುಂಬ ಹೊತ್ತು ಹಿಡಿದುಕೊಂಡಿದ್ದು, 'ಇದ್ಕೆ ಎಬ್ಬೆಟ್ಟು ಒತ್ತುದ್ರೆ ಅವ್ರು ಓದಿಲ್ಲ ಅಂತ ಆಯ್ತದಲ್ವಾ?' ಎಂದು ಕೇಳಿದರು. ಹೌದು ಎಂದೆ. 'ಇದ್ದಾಗ ಅವ್ರ ಆಸೆ ಅದೊಂದೇ ಆಗಿತ್ತು ಸಾ, ಅಕ್ಸರ ಕಲೀಬೇಕು ಅಂತ. ಎಂಗೋ ಯಾರೋ ಬರ್ದವ್ರೆ, ನಾನೇ ಅಳಿಸ್ಬೇಕಾ ಅನ್ನಿಸ್ತು.' ಮಗಳ ಕಡೆ ನೋಡಿ ಹೆಬ್ಬೆಟ್ಟು ಒತ್ತಿದರು. ಹೇಮಾ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಆ ಕಾಗದದ ಜೊತೆಗೆ ನಾನೂ ಒಂದು ಪತ್ರ ಬರೆದೆ. ಮೂರು ಪುಟ. ಹಳೇ ಮೈಸೂರು ಸೀಮೆಯಲ್ಲಿ ಪದದ ಮೊದಲ ಹಕಾರ ಲೋಪವಾಗುವ ಬಗೆ, ಅದರ ಕಾರಣಗಳು, ಉದಾಹರಣೆಗಳು. ಪಾಠ ಮಾಡುವ ಚಟ ಅಷ್ಟು ಬೇಗ ಬಿಡುವುದಿಲ್ಲ. ಕಂಪನಿಯವರು ಎಂಟು ದಿನಕ್ಕೆ ಉತ್ತರ ಕೊಟ್ಟರು. ತಾಯಿಯ ಹೇಳಿಕೆಯನ್ನು ಗೌರವಿಸುತ್ತೇವೆ, ಆದರೆ ಸಂದರ್ಶನದ ಹೊತ್ತಿನಲ್ಲಿ ಜೊತೆಯಲ್ಲಿದ್ದ ಅಧ್ಯಾಪಕರೇ ಈ ಮಾಹಿತಿಯನ್ನು ದೃಢಪಡಿಸಿದ್ದಾರೆ, ಆಯ್ಕೆಪಟ್ಟಿ ಈಗಾಗಲೇ ಪ್ರಕಟವಾಗಿದೆ ಎಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ತುಟಿ ಬಿಚ್ಚದೆ ಕೂತವನು ದೃಢಪಡಿಸುವುದು ಎಲ್ಲಿಂದ ಬಂತು? ಸಂದರ್ಶನದ ಧ್ವನಿಮುದ್ರಣ ನಿಮ್ಮಲ್ಲಿದ್ದರೆ ಕಳಿಸಿ, ಇಲ್ಲವಾದರೆ ಆ ಮಾತನ್ನು ವಾಪಸು ತೆಗೆದುಕೊಳ್ಳಿ ಎಂದು ಖಾರವಾಗಿ ಬರೆದೆ. ಅಷ್ಟು ಹೊತ್ತಿಗೆ ಬೆಂಗಳೂರಿನ ಸೀಟಿಗೆ ಹಣ ಕಟ್ಟುವ ದಿನ ಕಳೆದು, ಅದು ಬೇರೆ ಯಾರ ಪಾಲೋ ಆಗಿತ್ತು. ಹೇಮಾ ಊರಿನ ಕಾಲೇಜಿನಲ್ಲೇ ಬಿಎಸ್ಸಿಗೆ ಸೇರಿ, ಉಳಿದ ಹೊತ್ತು ಅಮ್ಮನ ಜೊತೆ ರಾಟೆಗೆ ಕೂತಿದ್ದಳು. ಇನ್ನು ಗೆದ್ದರೂ ಏನೂ ಬರುವಂತಿರಲಿಲ್ಲ. ನನಗೆ ನನ್ನ ಮಾತು ಗೆಲ್ಲಬೇಕಿತ್ತು, ಅಷ್ಟೇ.

ಧ್ವನಿಮುದ್ರಣ ಬಂತು. ಮನೆಯಲ್ಲಿ ಕೂತು ಕೇಳಿದೆ. ಹೇಮಳ ದನಿ: 'ನಮ್ಮಪ್ಪ ಓದ್ರು ಮೇಡಂ.' ಆ ಹೆಣ್ಣುಮಗಳು: 'ಓದಿದ್ರಾ?' ಆಮೇಲೆ ಮೌನ. ಹುಡುಗಿ ಬಿಕ್ಕು ನುಂಗಿಕೊಳ್ಳುವ ಸದ್ದು. ಆ ಮೌನದ ನಡುವೆ ಒಬ್ಬ ಗಂಡಸು, ನಿಧಾನವಾಗಿ, ತುಂಬು ಕನಿಕರದಿಂದ, 'ಹೂಂ' ಎಂದ. 'ಒಳ್ಳೇದು, ಎಲ್ಲೀವರೆಗೆ?' ಎಂದಿತು ಆ ಕಡೆಯ ದನಿ. ನಾನು ಅದನ್ನು ಮತ್ತೆ ಹಾಕಿದೆ. ಮತ್ತೆ ಅದೇ ಹೂಂ. ಅಳುವ ಮಗುವಿಗೆ ಸಮಾಧಾನ ಮಾಡಲೆಂದು, ಹೇಳಮ್ಮ ಹೇಳು ಎಂಬಂತೆ ಎಂದದ್ದು. ಎಂದದ್ದು ನನಗೆ ನೆನಪೇ ಇರಲಿಲ್ಲ. ಇಡೀ ಮಾತುಕತೆಯಲ್ಲಿ ನಮ್ಮ ಕಡೆಯಿಂದ ಹೋದ ಹಕಾರ ಅದೊಂದೇ, ಕನ್ನಡಿಯ ಮುಂದೆ ಆರು ತಿಂಗಳು ಕಲಿತ ಹಕಾರ, ಒಂದಿಷ್ಟೂ ಲೋಪವಿರಲಿಲ್ಲ. ಅಡುಗೆಮನೆಯಿಂದ ಹೆಂಡತಿ, 'ಅದ್ಯಾರು ಮಧ್ಯದಲ್ಲಿ ಊಂ ಅಂದೋರು?' ಎಂದು ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

ಹೇಳದೆ ಇದ್ದುಬಿಡಬಹುದಿತ್ತು. ಎರಡು ದಿನ ಹಾಗೇ ಇದ್ದೆ, ಅನ್ನ ಸೇರಲಿಲ್ಲ. ಮೂರನೆಯ ದಿನ ಫೋನು ಹಿಡಿದುಕೊಂಡು ಅವರ ಮನೆಗೆ ಹೋದೆ. ಪೀಠಿಕೆ ಹಾಕಲು ಬಾಯಿ ಬರದೆ ಅದನ್ನೇ ಹಾಕಿ ಕೇಳಿಸಿದೆ. ರತ್ನಮ್ಮ ಮಗಳ ದನಿಯಲ್ಲಿ ಗಂಡನ ಸುದ್ದಿ ಬಂದ ಕಡೆ ಮಾತ್ರ ಕಣ್ಣೊರೆಸಿಕೊಂಡು, ಕಾಫಿ ಮಾಡಲು ಒಳಗೆ ಹೋದರು. ಉಳಿದದ್ದು ಅವರಿಗೆ ತಿಳಿಯಿತೋ ಇಲ್ಲವೋ. ಹೇಮಾ ಅಲ್ಲೇ ಕೂತಿದ್ದಳು. ನಿನ್ನ ತಪ್ಪಲ್ಲಮ್ಮ, ಹೂಂ ಎಂದವನು ನಾನೇ ಎಂದೆ.

'ಗೊತ್ತು ಸಾ' ಎಂದಳು. 'ನೀವು ಊಂ ಅಂದದ್ದು ಅವತ್ತೇ ಕೇಳಿಸ್ತು. ಆ ಮೇಡಮ್ಮು ಏನ್ ಕೇಳುದ್ರು ಅಂತ ನನ್ಗೆ ತಿಳೀನಿಲ್ಲ, ಅಳಾ ಬಂದುಬುಟ್ಟಿತ್ತು. ಸಾ ಊಂ ಅಂದ್ರಲ್ಲ, ಸರಿಯಾಗೇ ಇರ್ತದೆ ಅಂದ್ಕಂಡೆ. ಲೆಟ್ರು ಬಂದ ದಿನ ಎಲ್ಲ ಗೊತ್ತಾಯ್ತು.'

'ಮತ್ತೆ ನಾನು ಅಷ್ಟೊಂದು ಬೈದಾಗ ಯಾಕಮ್ಮ ಹೇಳಲಿಲ್ಲ?'

'ನೀವು ಮೇಷ್ಟ್ರು ಸಾ. ಎಂಗೆ ಏಳದು?'

ಎಂಗೆ ಏಳದು. ಎರಡು ಮಾತು, ಎರಡು ಹಕಾರ ಕಾಣೆ. ಅಂಥ ಹೊತ್ತಿನಲ್ಲೂ ನನ್ನ ಹಾಳು ಕಿವಿ ಅದನ್ನು ಎಣಿಸಿತು. ಅಷ್ಟರಲ್ಲಿ ರತ್ನಮ್ಮ ಲೋಟ ತಂದು ಮುಂದಿಟ್ಟು, 'ಕುಡೀರಿ ಸಾ, ಆರೋಯ್ತದೆ' ಎಂದರು. ಹೂಂ ಎನ್ನಲು ಬಾಯಿ ತೆರೆದೆ. ಧೈರ್ಯ ಬರಲಿಲ್ಲ. ಸುಮ್ಮನೆ ತಲೆಯಾಡಿಸಿ ಕುಡಿದೆ.